ಮೊದಲು ಹೋಮ್‌ವರ್ಕ್, ಆಮೇಲೆ ಸ್ಕ್ವಾಷ್

ಬಾಸ್ಟನ್ನಿನ ರಗಲ್ಸ್ ರೈಲು ನಿಲ್ದಾಣದ ಸಮೀಪ, ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಆವರಣವು ರಾಕ್ಸ್‌ಬರಿ ಬಡಾವಣೆಗೆ ತಾಗುವ ಕಡೆ, ರ‍್ಯಾಕೆಟಿನಿಂದ ಚೆಂಡನ್ನು ಗೋಡೆಗೆ ಹೊಡೆದು ಆಡುವ ಸ್ಕ್ವಾಷ್ ಆಟದ ಎಂಟು ಅಂಕಣಗಳೂ ಪಾಠದ ಕೊಠಡಿಗಳೂ ಒಂದೇ ಸೂರಿನಡಿ ಇರುವ ಕಟ್ಟಡವೊಂದಿದೆ. 2003ರಲ್ಲಿ ತೆರೆದ ಈ ಕೇಂದ್ರ ಸ್ಕ್ವಾಷ್‌ಬಸ್ಟರ್ಸ್ ಎಂಬ ಸಂಸ್ಥೆಯದು. ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಡಿಮೆ ಆದಾಯದ ಕುಟುಂಬಗಳ, ಸರ್ಕಾರಿ ಶಾಲೆಗಳ ಮಕ್ಕಳು. ಹಲವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರಿಗಿಂತ ಮೊದಲು ಯಾರೂ ಇಲ್ಲ.

ಅಮೆರಿಕದಲ್ಲಿ ಸ್ಕ್ವಾಷ್ ಬಹುಕಾಲ ಉಳ್ಳವರ ಆಟವಾಗಿಯೇ ಇತ್ತು. ದುಬಾರಿ ಖಾಸಗಿ ಶಾಲೆಗಳು, ಸದಸ್ಯರಲ್ಲದವರು ಕಾಲಿಡಲಾಗದ ಕ್ಲಬ್ಬುಗಳು, ಹಾರ್ವರ್ಡ್, ಯೇಲ್‌ನಂಥ ವಿಶ್ವವಿದ್ಯಾಲಯಗಳು, ಇವುಗಳ ಗೋಡೆಗಳೊಳಗೇ ಅದು ಬೆಳೆಯಿತು. ಸ್ವತಃ ವೃತ್ತಿಪರ ಆಟಗಾರರಾಗಿದ್ದ ಗ್ರೆಗ್ ಝಾಫ್ 1996ರಲ್ಲಿ ಸ್ಕ್ವಾಷ್‌ಬಸ್ಟರ್ಸ್ ಕಟ್ಟಿ ಇದೇ ಆಟವನ್ನು ಬಡ ಮಕ್ಕಳ ಓದಿಗೆ ಜೋಡಿಸಿದರು. ಈ ಬಡಾವಣೆಗಳ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡಿಯೇ ಆಡುತ್ತಾರೆ, ಅದರಲ್ಲಿ ಯಾರು ಗಟ್ಟಿ, ಯಾರು ಸಾಧಾರಣ ಎಂಬುದೂ ಹತ್ತು ವರ್ಷಕ್ಕೇ ತೀರ್ಮಾನವಾಗಿಬಿಟ್ಟಿರುತ್ತದೆ. ಯಾರೂ ಕಂಡಿರದ ಆಟವಾದರೆ ಎಲ್ಲರೂ ಸೊನ್ನೆಯಿಂದಲೇ ಶುರುಮಾಡಬೇಕು. ಹುಟ್ಟಿನಿಂದ ಚುರುಕಾದ ಮಗುವಿಗಿಂತ ತಪ್ಪದೆ ಬರುವ ಮಗುವೇ ಅಲ್ಲಿ ಮುಂದೆ ಬರುತ್ತದೆ. ಸ್ಕ್ವಾಷನ್ನೇ ಏಕೆ ಆರಿಸಬೇಕಿತ್ತು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಇದೇ ಮಾದರಿಯ ಇನ್ನೊಂದು ಕಾರ್ಯಕ್ರಮದಲ್ಲಿ ನಾನು ವಾರಕ್ಕೊಂದು ಸಂಜೆ ಗಣಿತ ಹೇಳಿಕೊಡುತ್ತೇನೆ. ಅಲ್ಲಿಯ ಕ್ರಮ ಸರಳವಾದರೂ ಬಿಗಿಯಾದದ್ದು. ಮಕ್ಕಳು ಬಂದವರೇ ತಿಂಡಿ ತಿಂದು ಪುಸ್ತಕ ಬಿಚ್ಚಬೇಕು; ಹೋಮ್‌ವರ್ಕ್ ಮುಗಿದ ಮೇಲಷ್ಟೇ ರ‍್ಯಾಕೆಟ್. ಏಳನೇ ತರಗತಿಯ ಹುಡುಗಿಯೊಬ್ಬಳು ಕಣ್ಣಿನ ರಕ್ಷಣೆಯ ಕನ್ನಡಕವನ್ನು ಆಗಲೇ ಹಣೆಗೇರಿಸಿಕೊಂಡು, ರ‍್ಯಾಕೆಟನ್ನು ತೊಡೆಯ ಮೇಲಿಟ್ಟುಕೊಂಡು, ಎಂಟನೆಯ ಮೂರಕ್ಕೆ ಹನ್ನೆರಡನೆಯ ಐದನ್ನು ಕೂಡಿಸುತ್ತಿದ್ದಳು. ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಬೇರೆ ಬೇರೆ ಕೂಡಿಸಿ ಇಪ್ಪತ್ತನೆಯ ಎಂಟು ಎಂದು ಬರೆದಿದ್ದಳು. ಇಪ್ಪತ್ತನೆಯ ಎಂಟು ಅರ್ಧಕ್ಕಿಂತ ಕಡಿಮೆಯಲ್ಲವೇ, ಹನ್ನೆರಡನೆಯ ಐದೊಂದೇ ಅದಕ್ಕಿಂತ ದೊಡ್ಡದಿದೆಯಲ್ಲ ಎಂದು ಕೇಳಿದೆ. ಬಾಗಿಲಲ್ಲಿ ಇಣುಕಿದ ತರಬೇತುದಾರರು ಅವಳನ್ನು ಕರೆಯದೆ ಹಾಗೆಯೇ ಹಿಂದಿರುಗಿದರು. ಛೇದಗಳನ್ನು ಇಪ್ಪತ್ತನಾಲ್ಕಕ್ಕೆ ತಂದು, ಹತ್ತೊಂಬತ್ತು ಎಂಬ ಅಂಶ ಬಂದಾಗ, ಅವಳು ಅದನ್ನು ಎರಡು ಸಲ ಸುತ್ತುಹಾಕಿ ಎದ್ದು ಓಡಿದಳು. ಅಂಕಣದ ಆಸೆ ಇರದಿದ್ದರೆ ಆ ಮಗು ಭಿನ್ನರಾಶಿಯ ಮುಂದೆ ಅಷ್ಟು ಹೊತ್ತು ಕೂರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಪಂದ್ಯ ಆಡಿದ ಮಕ್ಕಳೇ ಮುಂದಿನ ಪಂದ್ಯಕ್ಕೆ ತೀರ್ಪುಗಾರರಾಗುತ್ತಾರೆ. ತನಗಿಂತ ದೊಡ್ಡ ಹುಡುಗ ವಾದಕ್ಕಿಳಿದಾಗ ಹನ್ನೆರಡರ ಬಾಲಕನೊಬ್ಬ ದನಿಯೆತ್ತದೆ ‘ಲೆಟ್’ ಎಂದು ಹೇಳಿ, ಕಾರಣವನ್ನೂ ಕೊಟ್ಟು, ಪಾಯಿಂಟನ್ನು ಮತ್ತೆ ಆಡಿಸುವುದನ್ನು ಕಂಡಾಗ ನನಗೆ ತುಂಬ ಸಂತೋಷವಾಯಿತು.

ಊರಿನ ಬಂಧುಗಳು ಇದನ್ನು ‘ಸ್ಪೋರ್ಟ್ಸ್ ಕೋಟಾ’ ಎಂದೇ ತಿಳಿಯುತ್ತಾರೆ. ಆದರೆ ಹಾರ್ವರ್ಡ್, ಯೇಲ್ ಸೇರಿದ ಐವಿ ಲೀಗ್ ಗುಂಪಿನ ವಿಶ್ವವಿದ್ಯಾಲಯಗಳು ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವುದೇ ಇಲ್ಲ. ಅವು ನೆರವು ನೀಡುವುದು ಕುಟುಂಬದ ಆದಾಯವನ್ನು ನೋಡಿ. ಕಾಲೇಜು ತಂಡಕ್ಕೆ ಆಡುವಷ್ಟು ಆಟ ಕೈಗೂಡುವುದು ಕೆಲವರಿಗೆ ಮಾತ್ರ. ಉಳಿದವರಿಗೆ ದಕ್ಕುವುದು ಆರೇಳು ವರ್ಷ ಬಿಡದೆ ಜೊತೆಗಿರುವ ಹಿರಿಯರು. ಕಾಲೇಜಿನ ಅರ್ಜಿ, ಪ್ರಬಂಧ, ಎಲ್ಲಕ್ಕಿಂತ ಹೆಚ್ಚಾಗಿ ಕೇಂದ್ರ ಸರ್ಕಾರದ ಆರ್ಥಿಕ ನೆರವಿಗೆ ತುಂಬಬೇಕಾದ ‘ಫ್ಯಾಫ್ಸಾ’ ಎಂಬ ಅರ್ಜಿ ಈ ಮನೆಗಳಿಗೆ ದೊಡ್ಡ ಕಂಟಕ. ರಾತ್ರಿ ಪಾಳಿಯಲ್ಲಿ ಕಚೇರಿಗಳನ್ನು ಗುಡಿಸಿ ಒರೆಸಿ ಬರುವ ತಾಯಿಗೆ ತೆರಿಗೆಯ ಕಾಗದಗಳನ್ನು ಹೊಂದಿಸಿ, ಇಂಗ್ಲಿಷಿನ ಪ್ರಶ್ನೆಗಳನ್ನು ಅರ್ಥಮಾಡಿಕೊಂಡು, ಕೊನೆಯ ದಿನಾಂಕದೊಳಗೆ ಕಳಿಸಲು ಪಕ್ಕದಲ್ಲಿ ಕೂತು ತೋರಿಸುವವರು ಬೇಕು. ಮಗು ಆರನೇ ತರಗತಿಯಲ್ಲಿದ್ದಾಗಿನಿಂದ ಪರಿಚಯವಿರುವವರ ಮುಂದೆ ಮನೆಯ ಆದಾಯ ಹೇಳಿಕೊಳ್ಳಲು ಆ ತಾಯಿಗೆ ಸಂಕೋಚವಾಗುವುದಿಲ್ಲ.

ಈ ದಾರಿ ಹಳೆಯದೇ. ಕಪ್ಪು ಜನಾಂಗದ ಟೆನಿಸ್ ಆಟಗಾರ ಆರ್ಥರ್ ಆಶ್ 1969ರಲ್ಲಿ ಗೆಳೆಯರೊಂದಿಗೆ ಕೂಡಿ ನಗರಗಳ ಬಡ ಮಕ್ಕಳಿಗಾಗಿ ಟೆನಿಸ್ ಕಾರ್ಯಕ್ರಮ ಕಟ್ಟಿದ್ದರು. ಸ್ಕ್ವಾಷ್‌ಬಸ್ಟರ್ಸ್ ನಂತರ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ ಇಂಥವೇ ಹುಟ್ಟಿದವು. ಹಾರ್ವರ್ಡ್‌ನಲ್ಲಿ ತರಬೇತುದಾರರಾಗಿದ್ದ ಸತಿಂದರ್ ಬಾಜ್ವಾ ಚಂಡೀಗಢದಲ್ಲಿ ಖೇಲ್‌ಶಾಲಾ ಎಂಬ ಇಂಥದೇ ಸಂಸ್ಥೆಯನ್ನು ಕಟ್ಟಿದ್ದಾರೆ.

ಕೊರತೆಯನ್ನೂ ಹೇಳಬೇಕು. ಇವು ಬಹುಮಟ್ಟಿಗೆ ದಾನಿಗಳ ಹಣದಿಂದ ನಡೆಯುವ ಸಂಸ್ಥೆಗಳು, ಒಂದೊಂದು ಮಗುವಿಗೂ ತಗಲುವ ವೆಚ್ಚ ದೊಡ್ಡದು, ಆದ್ದರಿಂದ ಸ್ಥಳ ಸಿಗುವುದು ಕೆಲವರಿಗೆ. ಒಂದು ಶಾಲೆಯ ಕೆಲವು ಮಕ್ಕಳು ವ್ಯಾನು ಹತ್ತಿ ಹೋಗುವುದನ್ನು ಉಳಿದ ಮಕ್ಕಳು ನೋಡುತ್ತಾರೆಂಬುದು ನನ್ನನ್ನು ಕಾಡುತ್ತದೆ.

ಇಲ್ಲಿ ಕೂತು ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ನೆನೆಯದಿರಲಾರೆ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಡಿ ಆ ಸಮುದಾಯದ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡಲಾಯಿತು. ಪದಕಗಳೂ ಬಂದವು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಗಿ, ಅನೇಕರು ಅರ್ಧಕ್ಕೇ ಊರಿಗೆ ಮರಳಿದರು. ಅಷ್ಟರಲ್ಲಾಗಲೇ ಹರೆಯಕ್ಕೆ ಬಂದಿದ್ದವರು ಕೂಲಿಗೆ, ಕೃಷಿಗೆ ಇಳಿದರು. ಪದಕದ ಆಚೆಗೆ ಆ ಮಕ್ಕಳ ಬದುಕನ್ನು ಕೊನೆಯತನಕ ಯಾರೂ ಹೊಣೆಹೊತ್ತುಕೊಳ್ಳಲಿಲ್ಲವೆಂಬುದೇ ನನಗೆ ಅದರ ದೊಡ್ಡ ಲೋಪವಾಗಿ ಕಾಣುತ್ತದೆ.

ನಮ್ಮಲ್ಲಿ ಸ್ಕ್ವಾಷ್ ಅಂಕಣ ಬೇಕಿಲ್ಲ. ಖೋ ಖೋಗೆ ಎರಡು ಕಂಬ ಸಾಕು. ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದ ಮರುದಿನ ದೈಹಿಕ ಶಿಕ್ಷಕರೂ ಮಕ್ಕಳೂ ಬೇರೆಯಾಗದಂತೆ ನೋಡಿಕೊಳ್ಳಬೇಕು, ಅಷ್ಟೆ. ಆರರಿಂದ ಹತ್ತನೇ ತರಗತಿಯವರೆಗೆ ಮಕ್ಕಳು ಅಲ್ಲಿಯೇ ಉಳಿದು ಓದುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಇದನ್ನು ಆರಂಭಿಸುವುದು ಸುಲಭ. ಸಂಜೆ ಒಂದು ಗಂಟೆ ಓದು, ಒಂದು ಗಂಟೆ ಆಟ. ಅದಕ್ಕೆ ಊರಿನ ಪದವೀಧರರೊಬ್ಬರಿಗೂ ದೈಹಿಕ ಶಿಕ್ಷಕರಿಗೂ ಗೌರವಧನ. ಹೊರನಾಡ ಕನ್ನಡ ಕೂಟಗಳು ಶಾಲೆಗಳಿಗೆ ಬ್ಯಾಗು, ಕಂಪ್ಯೂಟರು ಕೊಟ್ಟು ಫೋಟೊ ತೆಗೆಸಿಕೊಂಡು ಬರುವ ಬದಲು, ಒಂದೇ ಶಾಲೆಯನ್ನು ಆರಿಸಿ, ಆರನೇ ತರಗತಿಯ ಒಂದು ತಂಡವನ್ನು ದ್ವಿತೀಯ ಪಿಯುಸಿ ಮುಗಿಯುವವರೆಗೆ ಏಳು ವರ್ಷ ನೋಡಿಕೊಳ್ಳುವ ಮಾತು ಕೊಡಲಿ. ನಮ್ಮ ಕೂಟದ ಮುಂದಿನ ಸಭೆಯಲ್ಲಿ ನಾನು ಈ ಪ್ರಸ್ತಾಪವನ್ನು ಇಡಲಿದ್ದೇನೆ. ಊರಿನಲ್ಲಿದ್ದು ಇಂಥ ಶಾಲೆಯೊಂದನ್ನು ಹತ್ತಿರದಿಂದ ಬಲ್ಲ ಶಿಕ್ಷಕರು ಅದಕ್ಕೆ ಮುಂಚೆಯೇ ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.