ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾಡಿದ ಟೆಸ್ಟಿಂಗ್

ಆಸ್ಪತ್ರೆಯೊಂದರ ಒಳಗೆ ಕಣ್ಣು ಕಾಣದವರಿಗೆ ದಾರಿ ಹೇಳುವ ಆ್ಯಪ್ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಕಟ್ಟಡದ ಒಳಗೆ ಜಿಪಿಎಸ್ ನಂಬುವ ಹಾಗಿಲ್ಲ. ಕಾಂಕ್ರೀಟು ದಾಟಿ ಬರುವಷ್ಟರಲ್ಲಿ ಅದರ ಸಿಗ್ನಲ್ ಸೋತಿರುತ್ತದೆ. ಅದಕ್ಕೇ ಗೋಡೆಗಳಿಗೆ ಬ್ಲೂಟೂತ್ ಬೀಕನ್ ಅಂಟಿಸಿದೆವು. ಬ್ಯಾಟರಿ ಹಾಕಿದ ಪುಟ್ಟ ಡಬ್ಬಿಗಳು, ಬಿಡದೆ ತಮ್ಮ ಗುರುತು ಹೇಳುತ್ತಿರುತ್ತವೆ. ಯಾವುದರ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ನೋಡಿ ಫೋನು ತಾನಿರುವ ಜಾಗ ಲೆಕ್ಕ ಹಾಕುತ್ತದೆ.

ಆದರೆ ಆ ಸಿಗ್ನಲ್ ನಿಂತ ಕಡೆ ನಿಲ್ಲುವುದಿಲ್ಲ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಜಾಸ್ತಿ ಇರುವುದೇ ನೀರು. ಯಾರಾದರೂ ಅಡ್ಡ ಬಂದರೆ ಸಾಕು, ಪಕ್ಕದ ಬೀಕನ್ ದೂರ ಇರುವ ಹಾಗೆ ಕಾಣುತ್ತದೆ. ಈ ಕುಣಿತ ನಿಲ್ಲಿಸಲು ನಾನು ಹಿಂದಿನ ನಾಲ್ಕು ಸೆಕೆಂಡಿನ ಸಿಗ್ನಲ್‌ಗಳ ಸರಾಸರಿ ಹಾಕಿದೆ. ಮ್ಯಾಪಿನ ಮೇಲಿನ ಚುಕ್ಕಿ ಶಿಸ್ತಾಗಿ ಓಡಾಡತೊಡಗಿತು.

ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾವೇ ನಡೆದೆವು. ಗೋಡೆ ಸವರುತ್ತಾ, ಅಡಿ ಮೇಲೆ ಅಡಿ ಇಡುತ್ತಾ. ಎಲ್ಲ ಪಾಸ್!

ಮರುವಾರ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಹುಟ್ಟಿನಿಂದ ಕಣ್ಣಿಲ್ಲ. ಬಿಳಿ ಕೋಲು ಬಿಚ್ಚಿ ಹೊರಟರು ನೋಡಿ, ನಾನೇ ಹಿಂದೆ ಓಡಬೇಕಾಯಿತು. ‘ಎಡಕ್ಕೆ ತಿರುಗಿ’ ಅಂತ ಆ್ಯಪ್ ಹೇಳುವಷ್ಟರಲ್ಲಿ ಅವರು ತಿರುವು ದಾಟಿಯಾಗಿತ್ತು. ತಿರುಗಿದರೆ ಎದುರಿಗೆ ಗೋಡೆ.

"ನಿನ್ನ ಆ್ಯಪ್ ನನ್ನ ಹಿಂದೆ ಬರ್ತಿದೆಯಲ್ಲಪ್ಪಾ" ಅಂದರು.

ನಿಜ. ನಾಲ್ಕು ಸೆಕೆಂಡಿನ ಸರಾಸರಿ ಅಂದರೆ ಸುಮಾರು ಎರಡು ಸೆಕೆಂಡು ಹಿಂದೆ ಇದ್ದ ಜಾಗ. ತಡವರಿಸುತ್ತಾ ನಡೆದ ನಮಗೆ ಅದು ಗೊತ್ತೇ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಇಯರ್‌ಫೋನನ್ನೂ ಕಿತ್ತು ಕೈಗಿಟ್ಟರು. "ಮೊದಲು ಇದರ ಬಾಯಿ ಮುಚ್ಚಿಸು. ಕೋಲು ಬಡಿದ ಸದ್ದು ಹೇಗೆ ವಾಪಸ್ ಬರುತ್ತೆ ಅನ್ನೋದರಲ್ಲೇ ಬಾಗಿಲು ತೆಗೆದಿದೆಯಾ, ಕಾರಿಡಾರ್ ಮುಗೀತಾ ಅಂತ ನನಗೆ ತಿಳಿಯುತ್ತೆ. ಹನ್ನೆರಡು ಮೀಟರ್ ಅಂತ ಹೇಳಿದರೆ ನಾನೇನು ಟೇಪ್ ಹಿಡಿದು ಅಳೀಲಾ? ಔಷಧಿ ಅಂಗಡಿ ದಾಟಿದ ಮೇಲೆ ಅನ್ನು, ಸಾಕು."

ಕತ್ತಲಲ್ಲಿ ಹೆದರಿದ್ದ ನಮಗೆ ಆ್ಯಪ್‌ನ ವಟವಟ ಧೈರ್ಯ ಕೊಟ್ಟಿತ್ತು. ಅವರಿಗೆ ಅದೇ ಅಡ್ಡಿ. ಆಮೇಲೆ ಹುಡುಕಿದರೆ, ಇಂಥ ಧ್ವನಿ ಸೂಚನೆಗಳ ಬಗ್ಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2017ರಲ್ಲೇ ಎಫ್.921 ಎಂಬ ಶಿಫಾರಸು ಹೊರಡಿಸಿದೆ. ನಾವು ಓದಿದ್ದು ಏಟು ತಿಂದ ಮೇಲೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಾವ್‌ಕಾಗ್ ಎಂಬ ಇಂಥದ್ದೇ ಆ್ಯಪ್ ಕಟ್ಟಿದ ತಂಡದ ಮುಂದಾಳು ಚಿಯೆಕೊ ಅಸಕಾವಾ ಅವರಿಗೆ ಸ್ವತಃ ಕಣ್ಣು ಕಾಣುವುದಿಲ್ಲ. ನಮ್ಮ ತಂಡದಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಸರಾಸರಿಯ ಅವಧಿ ಕಡಿಮೆ ಮಾಡಿ, ಫೋನಿನ ಸೆನ್ಸರ್‌ನಿಂದ ಹೆಜ್ಜೆ ಎಣಿಸುವುದನ್ನು ಸೇರಿಸಿದೆವು. ಕಿವಿ ಮುಚ್ಚದೆ ಮೂಳೆಯ ಮೂಲಕ ಕೇಳಿಸುವ ಹೆಡ್‌ಫೋನ್ ತಂದೆವು. ಮೀಟರ್ ಲೆಕ್ಕ ಪೂರ್ತಿ ತೆಗೆದೆವು.

ಮೊನ್ನೆ ಮೇಷ್ಟ್ರು ರಕ್ತ ಪರೀಕ್ಷೆಯ ಕೌಂಟರ್‌ವರೆಗೆ ಹೋಗುವಾಗ ಆ್ಯಪ್ ನಾಲ್ಕೇ ಸಲ ಬಾಯಿ ಬಿಟ್ಟಿತು. ಲಿಫ್ಟಿನಲ್ಲಿ ಮಾತ್ರ ಎಷ್ಟನೇ ಮಹಡಿ ಅಂತ ತಿಳಿಯದೆ ತೊದಲಿತು. ಗಾಳಿಯ ಒತ್ತಡ ನೋಡಿ ಎತ್ತರ ಅಂದಾಜು ಮಾಡಲು ನೆರವಾಗುವ ಬ್ಯಾರೋಮೀಟರ್ ಸೆನ್ಸರ್ ಬಳಸೋಣ ಅಂದುಕೊಂಡಿದ್ದೆ. ಮೇಷ್ಟ್ರ ಫೋನಿನಲ್ಲಿ ಅದು ಇಲ್ಲವೇ ಇಲ್ಲ.