ಅಲಾಸ್ಕಾ ಕ್ರೂಸ್ ಮುಗಿಸಿ ಸಿಯಾಟಲ್‌ನಲ್ಲಿ ಇಳಿಯುವಾಗ: ಲಗೇಜು, ಲಿಫ್ಟು, ಇಮಿಗ್ರೇಶನ್

ಸಿಯಾಟಲ್‌ನಿಂದ ಹೊರಟು ಒಂದು ವಾರ ಅಲಾಸ್ಕಾ ಸುತ್ತಿ ಬರುವ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಆರು, ಏಳು ಗಂಟೆಗೆ ಬಂದರಿಗೆ ಬಂದು ನಿಲ್ಲುತ್ತವೆ. ಅದೇ ಹಡಗು ಅದೇ ದಿನ ಮಧ್ಯಾಹ್ನದ ಮೇಲೆ ಹೊಸ ಜನರನ್ನು ಹತ್ತಿಸಿಕೊಂಡು ಮತ್ತೆ ಹೊರಡಬೇಕು. ಅಷ್ಟರಲ್ಲಿ ಸಾವಿರಾರು ಜನ ಇಳಿಯಬೇಕು, ಅವರ ಸೂಟ್‌ಕೇಸುಗಳು ಇಳಿಯಬೇಕು, ರೂಮುಗಳನ್ನೆಲ್ಲ ತೊಳೆದು ಹೊಸ ಹಾಸಿಗೆ ಹಾಕಬೇಕು. ಹಾಗಾಗಿ ವಾರವಿಡೀ ರಾಜೋಪಚಾರ ಮಾಡಿದ ಹಡಗಿನವರು ಕೊನೆಯ ದಿನ ಬೆಳಿಗ್ಗೆ ನಮ್ಮನ್ನು ನಯವಾಗಿಯೇ ಹೊರಗೆ ಕಳಿಸುತ್ತಾರೆ. ಎಂಟು, ಎಂಟೂವರೆಗೆಲ್ಲ ರೂಮು ಬಿಡಬೇಕು.

ಈ ಗಡಿಬಿಡಿಯಲ್ಲಿ ನೀವು ಬೇಗ ಹೊರಗೆ ಬರುತ್ತೀರೋ ಇಲ್ಲವೋ ಅನ್ನೋದು ಆ ದಿನ ಬೆಳಿಗ್ಗೆ ತೀರ್ಮಾನ ಆಗುವುದಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಆಗಿಹೋಗಿರುತ್ತದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮನೆಯಲ್ಲಿ ಯಾವ ಸೂಟ್‌ಕೇಸ್ ತೆಗೆದುಕೊಂಡಿರಿ ಅನ್ನುವಾಗಲೇ ಅರ್ಧ ತೀರ್ಮಾನ ಆಗಿರುತ್ತದೆ.

ನಾವು ಹೋದಾಗ ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮ ನಮ್ಮ ಜೊತೆಗಿದ್ದರು. ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಪಕ್ಕದ ರೂಮಿನಲ್ಲಿದ್ದರು. ಇಳಿಯುವಾಗ ಅವರು ಒಂದು ದಾರಿ ಹಿಡಿದರು, ನಾವು ಇನ್ನೊಂದು. ಹಾಗಾಗಿ ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲಿಟ್ಟು ನೋಡಿದಂತಾಯಿತು.

ಮೊದಲನೆಯ ದಾರಿ, ನಿಮ್ಮ ಸಾಮಾನನ್ನು ನೀವೇ ಎಳೆದುಕೊಂಡು ಇಳಿಯೋದು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿದೆ. ಸೆಲ್ಫ್ ಅಸಿಸ್ಟ್, ವಾಕ್ ಆಫ್, ಎಕ್ಸ್‌ಪ್ರೆಸ್, ಎಲ್ಲ ಒಂದೇ. ಸೂಟ್‌ಕೇಸ್ ರಾತ್ರಿ ನಿಮ್ಮ ರೂಮಿನಲ್ಲೇ ಇರುತ್ತದೆ. ಬೆಳಿಗ್ಗೆ ಜನರನ್ನು ಇಳಿಸಬಹುದು ಅಂತ ಹಡಗಿಗೆ ಅಧಿಕಾರಿಗಳ ಕ್ಲಿಯರೆನ್ಸ್ ಸಿಕ್ಕ ಕೂಡಲೇ ಮೊದಲು ಕರೆಯುವುದು ಇವರನ್ನೇ. ಎರಡನೆಯದು, ಟ್ಯಾಗ್ ಹಾಕಿ ಕೊಡೋದು. ಕೊನೆಯ ಒಂದೆರಡು ದಿನ ಇರುವಾಗ ರೂಮಿಗೆ ಬಣ್ಣದ್ದೋ ನಂಬರಿನದ್ದೋ ಟ್ಯಾಗ್ ಬರುತ್ತದೆ. ಸೂಟ್‌ಕೇಸಿಗೆ ಅದನ್ನು ಕಟ್ಟಿ ರಾತ್ರಿ ಬಾಗಿಲಾಚೆ ಇಟ್ಟರೆ ಹಡಗಿನವರು ತೆಗೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ನಿಮ್ಮ ನಂಬರ್ ಕರೆದಾಗ ಕೈಬೀಸಿಕೊಂಡು ಇಳಿದು, ಕೆಳಗೆ ದೊಡ್ಡ ಹಾಲ್‌ನಲ್ಲಿ ಆ ನಂಬರಿನ ಬೋರ್ಡ್ ಕೆಳಗಿರುವ ಸಾಮಾನು ಹುಡುಕಿಕೊಳ್ಳಬೇಕು.

ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ಲೆಕ್ಕ ಸರಳ. ಮನೆಯವರಲ್ಲಿ ಪ್ರತಿಯೊಬ್ಬರೂ ಬೇರೆಯವರ ಸಹಾಯ ಇಲ್ಲದೆ ತಮ್ಮದೊಂದು ಚಕ್ರದ ಸೂಟ್‌ಕೇಸ್ ಎಳೆದುಕೊಂಡು, ಬೆನ್ನಿಗೊಂದು ಚೀಲ ಹಾಕಿಕೊಂಡು, ಬೇಕಾದರೆ ಒಂದೆರಡು ಮಹಡಿ ಮೆಟ್ಟಿಲು ಇಳಿಯಬಲ್ಲರಾ? ಹೌದಾದರೆ ಕಣ್ಣುಮುಚ್ಚಿ ನೀವೇ ಎಳೆದುಕೊಂಡು ಇಳಿಯಿರಿ. ಒಬ್ಬರಿಗೆ ಆಗದಿದ್ದರೂ ಟ್ಯಾಗ್ ಹಾಕಿ ಕೊಡಿ. ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳುವ ಯೋಚನೆ ಮಾತ್ರ ಬೇಡ. ಒಂದೇ ಒಂದು ಪೆಟ್ಟಿಗೆ ಕೊಟ್ಟಿದ್ದರೂ ಅದು ಹಾಲ್‌ಗೆ ಬರುವವರೆಗೆ ಕಾಯಲೇಬೇಕು. ಆಮೇಲೆ ಬೇಗ ಇಳಿದು ಏನು ಪ್ರಯೋಜನ?

ಅಣ್ಣನ ಮನೆಯವರು ಹೊರಡುವಾಗಲೇ ಇದನ್ನು ಯೋಚಿಸಿ ವಿಮಾನದ ಕ್ಯಾಬಿನ್ ಬ್ಯಾಗುಗಳನ್ನಷ್ಟೇ ತಂದಿದ್ದರು. ಅಲಾಸ್ಕಾ ಅಂದರೆ ದಪ್ಪ ಜಾಕೆಟ್ ಬೇಕಲ್ವಾ ಅಂತ ನೀವು ಕೇಳಬಹುದು. ಜಾಕೆಟ್ ಮೈಮೇಲೆ ಇರುತ್ತದೆ, ಪೆಟ್ಟಿಗೆಯಲ್ಲಿ ಅಲ್ಲ. ಒಳಗೆ ಪದರ ಪದರವಾಗಿ ಹಾಕಿಕೊಳ್ಳುವ ತೆಳು ಬಟ್ಟೆ, ಮೇಲೊಂದು ಮಳೆಗೆ ತಡೆಯುವ ಕೋಟು, ಇಷ್ಟು ಸಾಕು. ಊರಿಂದ ಅಪ್ಪ ಅಮ್ಮ ತಂದಿರುವ 23 ಕಿಲೋ ಸೂಟ್‌ಕೇಸನ್ನು ಹಾಗೇ ಹಡಗಿಗೆ ಹತ್ತಿಸಬೇಡಿ. ಅದು ಮನೆಯಲ್ಲೇ ಇರಲಿ. ಕ್ರೂಸಿಗೆ ಅಂತ ಬೇರೆ ಸಣ್ಣ ಬ್ಯಾಗ್ ಮಾಡಿಕೊಡಿ.

ಈಗ ಈ ಪ್ರಯಾಣದ ವಿಚಿತ್ರಕ್ಕೆ ಬರೋಣ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ಬೇರೆ ದೇಶದ ಬಂದರನ್ನು ಮುಟ್ಟದೆ, ಸುಮ್ನೆ ಅಲ್ಲಲ್ಲೇ ಸುತ್ತಿಸಿ ಇಳಿಸುವ ಹಾಗಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಹಾಗಾಗಿ ಸಿಯಾಟಲ್‌ನಿಂದ ಹೋಗಿಬರುವ ಹಡಗುಗಳು ಕೆನಡಾದ ಒಂದು ಬಂದರಿಗೆ ಹೋಗಲೇಬೇಕು. ಹೆಚ್ಚಿನವು ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಅದೂ ಯಾವಾಗ? ಸಾಮಾನ್ಯವಾಗಿ ಕೊನೆಯ ಸಂಜೆ. ಸಂಜೆ ಹೋಗಿ ರಾತ್ರಿ ಹೊರಟು, ಬೆಳಿಗ್ಗೆ ಸಿಯಾಟಲ್.

ಟ್ಯಾಗ್ ಹಾಕಿದ ಸೂಟ್‌ಕೇಸ್ ಬಾಗಿಲಾಚೆ ಇಡಬೇಕಾದ್ದೂ ಅದೇ ರಾತ್ರಿ, ಹತ್ತು ಹನ್ನೊಂದರ ಒಳಗೆ. ಅಂದರೆ ನೀವು ವಿಕ್ಟೋರಿಯಾದ ಹೂದೋಟ ಬುಚಾರ್ಟ್ ಗಾರ್ಡನ್ಸ್ ನೋಡಿಕೊಂಡು ಸುಸ್ತಾಗಿ ವಾಪಸ್ ಬರುವ ಹೊತ್ತಿಗೆ ಪ್ಯಾಕಿಂಗ್ ಗಡುವು ಬಂದಿರುತ್ತದೆ. ಸಾಲದ್ದಕ್ಕೆ ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ವಾಪಸ್ ಬರುವಾಗ ಹಡಗಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ಒಂದು ಗಂಟೆ ನಿದ್ದೆಯೂ ಹೋಯಿತು. ಸಮುದ್ರದ ಮಧ್ಯೆ ಫೋನ್ ತಾನಾಗಿ ಸಮಯ ಬದಲಿಸುತ್ತದೆ ಅಂತ ನಂಬಬೇಡಿ. ಹಡಗಿನ ಗಡಿಯಾರ ನೋಡಿ ನೀವೇ ಸರಿಮಾಡಿಕೊಳ್ಳಿ.

ಆದ್ದರಿಂದ ವಿಕ್ಟೋರಿಯಾ ತಲುಪುವ ಮೊದಲೇ, ಆ ಮಧ್ಯಾಹ್ನವೇ ಪ್ಯಾಕಿಂಗ್ ಮುಗಿಸಿಬಿಡಿ. ನಾವು ಊಟ ಆದ ಮೇಲೆ ಕೂತು ಎಲ್ಲ ಕಟ್ಟಿ, ಕೆಳಗಿಳಿಯುವ ಮುಂಚೆ ಸೂಟ್‌ಕೇಸುಗಳನ್ನು ಕಾರಿಡಾರಿನಲ್ಲಿಟ್ಟು ಹೋದೆವು. ರಾತ್ರಿ ಬಂದಾಗ ಅವು ಆಗಲೇ ಹೋಗಿದ್ದವು. ಅಕ್ಕಪಕ್ಕದ ರೂಮಿನವರು ಹನ್ನೊಂದರ ಹೊತ್ತಿಗೆ ಜಿಪ್ ಹಾಕಲು ಪೆಟ್ಟಿಗೆ ಮೇಲೆ ಕೂರುತ್ತಿದ್ದರು. ಇಡುವ ಮುಂಚೆ ಪ್ರತಿ ಸೂಟ್‌ಕೇಸಿನದೂ ಟ್ಯಾಗ್ ಸಮೇತ ಒಂದು ಫೋಟೋ ತೆಗೆದುಕೊಳ್ಳಿ. ಹಾಲ್‌ನಲ್ಲಿ ಕಪ್ಪು ಸೂಟ್‌ಕೇಸುಗಳ ಸಾಲು ನೋಡಿದಾಗ ಯಾಕೆ ಅಂತ ಗೊತ್ತಾಗುತ್ತದೆ. ಅಮ್ಮ ತಮ್ಮದಕ್ಕೆ ಹಳೇ ರವಿಕೆ ಬಟ್ಟೆಯ ಕೆಂಪು ಚೂರು ಕಟ್ಟಿದ್ದರು. ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ಬಾಗಿಲಾಚೆ ಹೋದ ಪೆಟ್ಟಿಗೆ ಬೆಳಿಗ್ಗೆವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ ಅಥವಾ ಶೂ, ಬಿಪಿ ಶುಗರ್ ಮಾತ್ರೆ, ಕನ್ನಡಕ, ಚಾರ್ಜರ್ ಎಲ್ಲ ಕೈಚೀಲದಲ್ಲಿರಲಿ. ಪ್ರತಿ ಹಡಗಿನಲ್ಲೂ ಪೈಜಾಮದಲ್ಲೇ ಇಳಿದ ಯಾರೋ ಒಬ್ಬರ ಕಥೆ ಇರುತ್ತದೆ.

ಅದಕ್ಕಿಂತ ಮುಖ್ಯ ಪಾಸ್‌ಪೋರ್ಟ್. ಕೆನಡಾಕ್ಕೆ ಹೋಗಿ ಬಂದಿರುತ್ತೀರಿ, ಆದ್ದರಿಂದ ಸಿಯಾಟಲ್‌ನಲ್ಲಿ ಮತ್ತೆ ಅಮೆರಿಕ ಪ್ರವೇಶ ಮಾಡಿದ ಹಾಗೆ. ಗ್ರೀನ್ ಕಾರ್ಡ್ ಇದ್ದವರನ್ನು ಬಿಟ್ಟರೆ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾ ವೀಸಾ ಬೇಕು, ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದಾಗಿರಬೇಕು. ಇದನ್ನು ಟಿಕೆಟ್ ಬುಕ್ ಮಾಡುವ ಮೊದಲೇ ನೋಡಿಕೊಳ್ಳಬೇಕು. ಎಚ್‌-1ಬಿ ಕೆಲಸದ ವೀಸಾದಲ್ಲಿರುವವರು ಐ-797 ಮಂಜೂರಾತಿ ಪತ್ರದ ಪ್ರತಿ, ವಿದ್ಯಾರ್ಥಿಗಳು ಕಾಲೇಜಿನ ಸಹಿ ಇರುವ ಐ-20 ಪತ್ರ, ಗ್ರೀನ್ ಕಾರ್ಡ್ ಇರುವವರು ಕಾರ್ಡ್, ಎಲ್ಲ ಪಾಸ್‌ಪೋರ್ಟಿನ ಜೊತೆ ಒಂದೇ ಕವರಿನಲ್ಲಿ ಕೈಯಲ್ಲೇ ಇರಲಿ. ಇವನ್ನು ಟ್ಯಾಗ್ ಹಾಕಿದ ಸೂಟ್‌ಕೇಸಿನೊಳಗೆ ಕಳಿಸಿದರೆ ದೇವರೇ ಗತಿ. ಸಾಮಾನು ಸಿಗುವುದಕ್ಕೂ ಮುಂಚೆಯೇ ಪಾಸ್‌ಪೋರ್ಟ್ ಕೇಳಬಹುದು.

ಕೈಚೀಲದಲ್ಲಿ ಇರಬಾರದ್ದೂ ಕೆಲವು ಇವೆ. ಅಲಾಸ್ಕಾದ ಜುನೋ, ಕೆಚಿಕನ್ ಊರುಗಳ ಕಡೆ ಉಲು ಅಂತ ಅರ್ಧಚಂದ್ರದ ಹಾಗಿರುವ ಚಾಕು ಮಾರುತ್ತಾರೆ. ಸೊಪ್ಪು ಹೆಚ್ಚೋಕೆ ಚೆನ್ನಾಗಿದೆ ಅಂತ ನಮ್ಮ ಹೆಂಗಸರು ಕೊಳ್ಳದೆ ಬಿಡುವುದಿಲ್ಲ. ಹಡಗಿನ ಸೆಕ್ಯೂರಿಟಿಯವರು ಅದನ್ನು ತೆಗೆದಿಟ್ಟುಕೊಂಡರೆ ಕೊನೆಯಲ್ಲಿ ಎಲ್ಲಿ, ಯಾವಾಗ ವಾಪಸ್ ಕೊಡುತ್ತಾರೆ ಅಂತ ಆಗಲೇ ಕೇಳಿಕೊಳ್ಳಿ. ವಿಮಾನದಲ್ಲಿ ಅದು ಚೆಕ್‌ಇನ್ ಬ್ಯಾಗಿನಲ್ಲೇ ಹೋಗಬೇಕು. ಹಡಗಿನ ಅಂಗಡಿಯಲ್ಲಿ ಕೊಂಡ ಮದ್ಯದ ಬಾಟಲಿಯೂ ಅಷ್ಟೇ. ಕ್ಯಾಬಿನ್ ಬ್ಯಾಗ್ ಮಾತ್ರ ಇಟ್ಟುಕೊಂಡು ಬೇಗ ಇಳಿಯುವ ಯೋಜನೆ ಇದ್ದರೆ ಈ ಎರಡನ್ನೂ ಕೊಳ್ಳಬೇಡಿ, ತಲೆನೋವು ಕಡಿಮೆ. ಬಫೆಯಿಂದ ದಾರಿಗೆ ಇರಲಿ ಅಂತ ಚೀಲಕ್ಕೆ ಹಾಕಿಕೊಂಡ ಸೇಬು, ಬಾಳೆಹಣ್ಣು ಇದ್ದರೆ ಹಡಗಿನಲ್ಲೇ ತಿಂದು ಮುಗಿಸಿ. ಹೇಳದೆ ಹಣ್ಣು ತಂದರೆ ಕಸ್ಟಮ್ಸ್‌ನವರು ದಂಡ ಹಾಕಬಹುದು.

ಹಡಗಿನ ಖಾತೆಯ ಬಿಲ್ಲನ್ನು ಕೊನೆಯ ಸಂಜೆಯೇ ಟಿವಿಯಲ್ಲೋ ಆ್ಯಪ್‌ನಲ್ಲೋ ನೋಡಿಬಿಡಿ. ಬೆಳಿಗ್ಗೆ ಗೆಸ್ಟ್ ಸರ್ವೀಸಸ್ ಕೌಂಟರಿನ ಮುಂದಿನ ಸಾಲು ನೋಡಿದರೆ ತಕರಾರು ಇದ್ದರೂ ಬಿಟ್ಟುಬಿಡೋಣ ಅನ್ನಿಸುತ್ತದೆ.

ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಬೇಕಲ್ಲ. ಮೇಲಿನ ಮಹಡಿಯ ಬಫೆಯಲ್ಲಿ ಆ ದಿನ ಮದುವೆ ಊಟದ ಎರಡನೇ ಪಂಕ್ತಿಗೆ ಕುರ್ಚಿ ಹಿಂದೆ ನಿಂತ ಹಾಗೆ ಜನ ನಿಂತಿರುತ್ತಾರೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಇಲ್ಲವಾದರೆ ಕೆಳಗಿನ ದೊಡ್ಡ ಡೈನಿಂಗ್ ಹಾಲ್‌ನಲ್ಲಿ ತಿಂಡಿ ಇದೆಯಾ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ, ಅಲ್ಲಿ ಗಲಾಟೆ ಕಡಿಮೆ. ತಿಂಡಿಗೆ ಹೋಗುವಾಗಲೇ ಕೈಚೀಲ ತೆಗೆದುಕೊಂಡು ಹೋಗುವುದು ಒಳ್ಳೆಯದು. ಮತ್ತೆ ರೂಮಿಗೆ ಬಂದು ಹೋಗಲು ಲಿಫ್ಟ್ ಸಿಗುವುದಿಲ್ಲ. ಏಳರಿಂದ ಒಂಬತ್ತರವರೆಗೆ ಲಿಫ್ಟ್ ನಿಂತಾಗಲೆಲ್ಲ ಒಳಗೆ ಸೂಟ್‌ಕೇಸುಗಳೇ ತುಂಬಿರುತ್ತವೆ. ಕಾಲು ಗಟ್ಟಿ ಇದ್ದವರು ಮೆಟ್ಟಿಲು ಹಿಡಿಯಿರಿ. ಕೆಳಗೆ ಹೋಗಬೇಕಾದರೂ ಮೇಲೆ ಹೋಗುವ ಲಿಫ್ಟನ್ನೇ ಹತ್ತಿ, ತುದಿಗೆ ಹೋಗಿ, ಅದರಲ್ಲೇ ಇಳಿಯುವ ಉಪಾಯವನ್ನು ಅತ್ತಿಗೆ ಕಂಡುಹಿಡಿದಳು. ಕೆಲಸ ಮಾಡುತ್ತದೆ.

ರೂಮು ಬಿಡುವಾಗ ಲಾಕರ್, ಬಾತ್‌ರೂಮಿನ ಬಾಗಿಲ ಹಿಂದಿನ ಕೊಕ್ಕೆ, ಹಾಸಿಗೆ ಕೆಳಗೆ, ಮೂರನ್ನೂ ನೋಡಿ. ಕೀ ಕಾರ್ಡ್ ಎಸೆಯಬೇಡಿ. ಹಡಗಿನಿಂದ ಇಳಿಯುವ ದಾರಿ, ಅಂದರೆ ಗ್ಯಾಂಗ್‌ವೇಯಲ್ಲಿ ಕೊನೆಯ ಸಲ ಅದನ್ನು ಸ್ಕ್ಯಾನ್ ಮಾಡುತ್ತಾರೆ.

ಅಣ್ಣನ ಮನೆಯವರನ್ನು ಏಳೂವರೆಯ ಹೊತ್ತಿಗೆ ಕರೆದರು. ನಮ್ಮ ನಂಬರ್ ಕರೆಯುವಷ್ಟರಲ್ಲಿ ಅವರು ಏರ್‌ಪೋರ್ಟ್ ಸೇರಿ ಕಾಫಿ ಕುಡಿಯುತ್ತಿರುವ ಫೋಟೋ ಬಂದಿತ್ತು. ಹೊಟ್ಟೆಕಿಚ್ಚೇನೂ ಆಗಲಿಲ್ಲ. ಅಪ್ಪನಿಗೆ ಮಂಡಿನೋವು, ಅಷ್ಟು ಹೊತ್ತು ಸಾಮಾನು ಹಿಡಿದು ಸಾಲಿನಲ್ಲಿ ನಿಲ್ಲುವುದು ಆಗದ ಮಾತು. ವ್ಹೀಲ್‌ಚೇರ್ ಬೇಕು ಅಂತ ಹಿಂದಿನ ದಿನವೇ ಹೇಳಿದ್ದೆವು. ಹಡಗಿನವರೇ ತಳ್ಳಿಕೊಂಡು ಇಮಿಗ್ರೇಶನ್ ದಾಟಿಸಿ, ಸಾಮಾನು ಇರುವ ಹಾಲ್‌ವರೆಗೆ ಬಂದರು. ಅಪ್ಪನಿಗೆ ಇದು ಸ್ವಲ್ಪ ಮುಜುಗರ. ಆದರೆ ಆ ಉದ್ದದ ಇಳಿಜಾರು ಗ್ಯಾಂಗ್‌ವೇ ನೋಡಿದ ಮೇಲೆ ಸುಮ್ಮನಾದರು.

ನಂಬರಿನ ವಿಷಯದಲ್ಲಿ ಒಂದು ಮಾತು. ನಿಮ್ಮ ವಿಮಾನದ ಸಮಯ ಹಡಗಿನವರಿಗೆ ಗೊತ್ತಿಲ್ಲದಿದ್ದರೆ ಯಾವುದೋ ಒಂದು ನಂಬರ್ ಕೊಟ್ಟಿರುತ್ತಾರೆ. ಗೆಸ್ಟ್ ಸರ್ವೀಸಸ್‌ಗೆ ಹೋಗಿ ಕೇಳಿದರೆ ಬದಲಿಸಿ ಕೊಡುತ್ತಾರೆ. ಎರಡು ದಿನ ಮೊದಲೇ ಕೇಳಿ, ಕೊನೆಯ ಸಂಜೆ ಬೇಗಿನವು ಖಾಲಿಯಾಗಿರುತ್ತವೆ. ತೀರಾ ಮೊದಲು ಇಳಿಯಿರಿ, ಇಲ್ಲವಾದರೆ ಕೊನೆಯ ಕಡೆ ಇಳಿಯಿರಿ ಅಂತ ನಾನು ಹೇಳುತ್ತೇನೆ. ಮಧ್ಯದ ನಂಬರುಗಳವರಿಗೆ ಇಮಿಗ್ರೇಶನ್ ಸಾಲು, ಸಾಮಾನಿನ ಹಾಲ್, ಟ್ಯಾಕ್ಸಿ ಸಾಲು ಮೂರೂ ಕಡೆ ಜಾಸ್ತಿ ಜನ.

ವಿಮಾನವನ್ನು ಮಧ್ಯಾಹ್ನ ಹನ್ನೆರಡರ ಮೊದಲು ಬುಕ್ ಮಾಡಬೇಡಿ. ನೀವೇ ಎಳೆದುಕೊಂಡು ಇಳಿಯುವವರಾದರೂ ಮಂಜು, ಕ್ಲಿಯರೆನ್ಸ್ ತಡ ಅಂತ ಏನಾದರೂ ಆಗಬಹುದು. ಅಲ್ಲಿಂದಲೇ ಬೆಂಗಳೂರಿಗೆ ಹೊರಡುವವರು ಸಂಜೆಯ ವಿಮಾನ ನೋಡಿಕೊಂಡರೆ ನಿರಾಳ.

ಅಮೆರಿಕದ ಒಳಗೇ ಹಾರುವವರಿಗೆ ಸಿಯಾಟಲ್‌ನಲ್ಲಿ ಒಂದು ಒಳ್ಳೆಯ ಸೌಲಭ್ಯ ಇದೆ, ಪೋರ್ಟ್ ವ್ಯಾಲೆ ಅಂತ. ಹಡಗಿನಲ್ಲಿ ಇರುವಾಗಲೇ ಹೆಸರು ಕೊಟ್ಟರೆ ನಿಮ್ಮ ಸೂಟ್‌ಕೇಸ್ ಹಡಗಿನಿಂದ ಸೀದಾ ವಿಮಾನಕ್ಕೆ ಹೋಗುತ್ತದೆ. ಈ ಸೇವೆಗೆ ದುಡ್ಡಿಲ್ಲ, ಏರ್‌ಲೈನಿನ ಬ್ಯಾಗ್ ಶುಲ್ಕ ಮಾತ್ರ ಕಟ್ಟಬೇಕು. ಎಲ್ಲ ಏರ್‌ಲೈನುಗಳೂ ಇದರಲ್ಲಿಲ್ಲ, ನಿಮ್ಮದು ಇದೆಯಾ ಅಂತ ಮೊದಲೇ ನೋಡಿ. ವಯಸ್ಸಾದವರ ಜೊತೆ ಹೋಗುವವರಿಗೆ, ಮಧ್ಯಾಹ್ನದವರೆಗೆ ಪೈಕ್ ಪ್ಲೇಸ್ ಮಾರ್ಕೆಟ್ ಸುತ್ತಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಹೊರಗೆ ಬಂದ ಮೇಲೆ ನೀವು ಯಾವ ಪಿಯರ್‌ನಲ್ಲಿ (ಹಡಗುಕಟ್ಟೆಯಲ್ಲಿ) ಇದ್ದೀರಿ ಅನ್ನೋದು ಮುಖ್ಯ. ಪಿಯರ್ 66 ಊರಿನ ಮಧ್ಯದಲ್ಲೇ ಇದೆ, ಪೈಕ್ ಪ್ಲೇಸ್ ನಡೆದು ಹೋಗುವಷ್ಟು ಹತ್ತಿರ. ದಾರಿ ಮಾತ್ರ ಏರು. ಪಿಯರ್ 91 ಊರಿಂದ ಆಚೆ, ಅಲ್ಲಿಂದ ಸಾಮಾನು ಎಳೆದುಕೊಂಡು ನಡೆಯುವ ಪ್ರಶ್ನೆಯೇ ಇಲ್ಲ. ಊಬರ್, ಲಿಫ್ಟ್ (Lyft) ಅನ್ನುವ ಆ್ಯಪ್ ಕಾರುಗಳಿಗೆ ಬೇರೆ ಜಾಗ ಇರುತ್ತದೆ, ಬೋರ್ಡ್ ನೋಡಿ ಅಲ್ಲಿಗೆ ಹೋದ ಮೇಲೆಯೇ ಬುಕ್ ಮಾಡಿ. ಸಾಮಾನು ಕೈಗೆ ಸಿಗುವ ಮುಂಚೆ ಬುಕ್ ಮಾಡಿದರೆ ಕಾರು ಬಂದು ಕಾದು ಹೋಗಿರುತ್ತದೆ, ದುಡ್ಡೂ ಹೋಗುತ್ತದೆ. ಎಂಟರಿಂದ ಹತ್ತರವರೆಗೆ ಬೆಲೆ ಏರಿರುತ್ತದೆ. ಅವಸರ ಇಲ್ಲದಿದ್ದರೆ ಸ್ವಲ್ಪ ಹೊತ್ತು ಕೂತು ನೋಡಿ, ಇಳಿಯುತ್ತದೆ.

ದುಡ್ಡು ಉಳಿಸಬೇಕು ಅನ್ನುವವರು ವೆಸ್ಟ್‌ಲೇಕ್ ನಿಲ್ದಾಣದವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಲೈಟ್ ರೈಲ್ ಹಿಡಿಯಬಹುದು. 3 ಡಾಲರ್ ಟಿಕೆಟ್, ಹೆಚ್ಚುಕಡಿಮೆ 40 ನಿಮಿಷಕ್ಕೆ ಸೀಟ್ಯಾಕ್ ಏರ್‌ಪೋರ್ಟ್. ನಿಲ್ದಾಣದಿಂದ ಚೆಕ್‌ಇನ್ ಕೌಂಟರ್‌ವರೆಗೆ ಪಾರ್ಕಿಂಗ್ ಕಟ್ಟಡದ ಪಕ್ಕದಲ್ಲಿ ಸಾಕಷ್ಟು ದೂರ ನಡೆಯಬೇಕು. ಕೈಲಿ ಒಂದೊಂದೇ ಬ್ಯಾಗ್ ಇದ್ದರೆ ತೊಂದರೆ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಪಿಯರ್‌ನಿಂದಲೇ ದೊಡ್ಡ ಕಾರು ಮಾಡಿಕೊಂಡು ಸೀದಾ ಏರ್‌ಪೋರ್ಟಿಗೆ ಹೋಗಿ.