ತೋರುಬೆರಳಿಗೆ ಸಿಗುವ ಹಿತ್ತಾಳೆ ಚಕ್ರ

ಅಮೆರಿಕದ ಕನೆಕ್ಟಿಕಟ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಹಿರಿಯರು, ಮರ ಹೆರೆದು ನುಣುಪು ಮಾಡುವ ಒಂದು ಹಳೆಯ ಕಬ್ಬಿಣದ ಹತ್ತರಿಯನ್ನು ನನ್ನ ಕೈಗಿಟ್ಟರು. ಸ್ಟ್ಯಾನ್ಲಿ ಕಂಪನಿಯ ನಂಬರ್ 4. ಅಂದಿನಿಂದ ಸಂಜೆಯಾದರೆ ನಾನು ಅವರ ಗ್ಯಾರೇಜಿನಲ್ಲೇ ಇರುತ್ತೇನೆ.

ಬೆಣೆ ಹಾಕಿದ ಮರದ ಹತ್ತರಿಯನ್ನು ನೀವು ನೋಡಿರುತ್ತೀರಿ. ಅಲಗು ಸ್ವಲ್ಪ ಕೆಳಗಿಳಿಯಬೇಕಾದರೆ ಅದರ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು. ಜಾಸ್ತಿ ಇಳಿಯಿತಾ, ಹತ್ತರಿಯ ಹಿಂಬದಿಗೆ ಒಂದು ಏಟು ಕೊಟ್ಟು ಬೆಣೆಯನ್ನು ಮತ್ತೆ ಬಿಗಿ ಮಾಡಬೇಕು. ಪಳಗಿದ ಕೈಗೆ ಅದು ಕಷ್ಟವಲ್ಲ. ಆದರೆ ಪ್ರತಿ ಸಲ ಕೆಲಸ ನಿಲ್ಲುತ್ತದೆ. ಬಾಸ್ಟನ್‌ನಲ್ಲಿ ಹತ್ತರಿ ಮಾಡುತ್ತಿದ್ದ ಲಿಯೊನಾರ್ಡ್ ಬೈಲಿ ಈ ಸುತ್ತಿಗೆಯನ್ನೇ ಬೇಡವಾಗಿಸಿದರು. ಅಲಗನ್ನು ಚಕ್ರದಿಂದ ಏರಿಸಿ ಇಳಿಸುವ ಅವರ ಉಪಾಯಕ್ಕೆ 1867ರಲ್ಲಿ ಪೇಟೆಂಟ್ ಸಿಕ್ಕಿತು. 1869ರಲ್ಲಿ ಇದೇ ರಾಜ್ಯದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ ಅವರ ಪೇಟೆಂಟುಗಳನ್ನು ಕೊಂಡುಕೊಂಡಿತು.

ಒಳಗಿನ ಕೆಲಸ ನೋಡಿದರೆ ಖುಷಿಯಾಗುತ್ತದೆ. ಹಿಡಿಯ ಮುಂದೆಯೇ ಒಂದು ಹಿತ್ತಾಳೆ ಚಕ್ರವಿದೆ. ಅದರ ಸುತ್ತ ಒಂದು ಕಾಲುವೆ. ಕವೆಗೋಲಿನಂತೆ ಸೀಳಿದ ಒಂದು ಸನ್ನೆಯ ಎರಡು ಕಾಲು ಆ ಕಾಲುವೆಯಲ್ಲಿ ಕೂತಿರುತ್ತವೆ. ಸನ್ನೆಯ ಮೇಲಿನ ತುದಿ ಅಲಗಿನ ಮೇಲೆ ಬಿಗಿದಿರುವ ಪಟ್ಟಿಯ, ಅಂದರೆ ಜೋಡಿಪಟ್ಟಿಯ, ಕಿಂಡಿಯೊಳಗೆ ಸೇರಿರುತ್ತದೆ. ಚಕ್ರವನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ: ಅದು ನಮ್ಮ ಕಡೆಗೆ ಸರಿಯುತ್ತದೆ, ಸನ್ನೆಯ ಮೇಲಿನ ತುದಿ ಮುಂದಕ್ಕೆ ವಾಲುತ್ತದೆ, ಅಲಗು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಹಿಡಿಯಿಂದ ಕೈ ತೆಗೆಯಬೇಕಿಲ್ಲ. ತೋರುಬೆರಳು ಚಾಚಿದರೆ ಸಾಕು.

ಆದರೂ ಮೊದಲ ವಾರ ನನಗೆ ಒಂದು ವಿಷಯ ಅರ್ಥವೇ ಆಗಲಿಲ್ಲ. ಸಿಪ್ಪೆ ದಪ್ಪ ಬಂತೆಂದು ಅಲಗನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಎರಡು ಸಲ ತಳ್ಳಿದ ಮೇಲೆ ಸಿಪ್ಪೆಯೇ ಬರುತ್ತಿರಲಿಲ್ಲ. ಹಿರಿಯರು ಚಕ್ರವನ್ನು ಆಚೀಚೆ ತಿರುಗಿಸಿ ತೋರಿಸಿದರು. ಸುಮಾರು ಅರ್ಧ ಸುತ್ತು ಅದು ಸುಮ್ನೆ ತಿರುಗುತ್ತದೆ, ಅಲಗು ಅಲ್ಲಾಡುವುದೇ ಇಲ್ಲ. ಅದು ಸನ್ನೆಯ ಸಡಿಲ. ಹಿಂದಕ್ಕೆ ತಿರುಗಿಸಿ ಬಿಟ್ಟರೆ ಆ ಸಡಿಲ ಅಲಗಿನ ಬೆನ್ನ ಹಿಂದೆ ಉಳಿಯುತ್ತದೆ. ಮರದ ಒತ್ತಡಕ್ಕೆ ಅಲಗು ಅಷ್ಟು ದೂರ ಹಿಂದೆ ಜಾರುತ್ತದೆ. "ಬೇಕಾದ್ದಕ್ಕಿಂತ ಜಾಸ್ತಿಯೇ ಹಿಂದಕ್ಕೆ ತಗೊಳ್ಳಿ. ಆಮೇಲೆ ಮುಂದಕ್ಕೆ ತನ್ನಿ. ಕೊನೆಯ ತಿರುವು ಯಾವಾಗಲೂ ಮುಂದಕ್ಕೇ ಇರಬೇಕು," ಅಂದರು. ಚಕ್ರ ಸಲೀಸಾಗಿ ತಿರುಗುತ್ತಾ ಬಂದು ಒಂದು ಕಡೆ ಬೆರಳಿಗೆ ಭಾರವಾಗುತ್ತದೆ. ಸನ್ನೆ ಅಲಗಿಗೆ ತಾಗಿದ್ದು ಅಲ್ಲಿ ಗೊತ್ತಾಗುತ್ತದೆ.

ಅಲಗನ್ನು ಅದುಮಿ ಹಿಡಿಯುವ ಮುಚ್ಚಳದ ಸ್ಕ್ರೂ ಅತಿ ಬಿಗಿಯಾಗಿದ್ದರೆ ಚಕ್ರ ತಿರುಗುವುದಿಲ್ಲ, ಸಡಿಲವಾಗಿದ್ದರೆ ಅಲಗು ನಿಲ್ಲುವುದಿಲ್ಲ. ಬೆರಳಿನಿಂದ ಚಕ್ರ ತಿರುಗುವಷ್ಟು ಬಿಗಿ ಸಾಕು.

ಅಲಗಿನ ಹಿಂದೆ, ಮೇಲ್ಗಡೆ, ಒಂದು ಅಡ್ಡ ಸನ್ನೆಯಿದೆ. ಅಲಗು ಒಂದು ಮೂಲೆಗೆ ವಾಲಿದ್ದರೆ ಅದರಿಂದ ಸರಿ ಮಾಡಬೇಕು. ನನ್ನ ಹತ್ತರಿಯ ಸನ್ನೆಯ ಮೇಲೆ 10-21-84 ಎಂದು ಅಚ್ಚಾಗಿದೆ. ಇಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ; ಅಂದರೆ 1884ರ ಅಕ್ಟೋಬರ್ 21, ಈ ಅಡ್ಡ ಸನ್ನೆಗೆ ಜಸ್ಟಸ್ ಟ್ರಾಟ್ ಎಂಬವರಿಗೆ ಪೇಟೆಂಟ್ ಸಿಕ್ಕ ದಿನ. ಒಂದು ಮರದ ಚೂರನ್ನು ಅಲಗಿನ ಎಡಮೂಲೆಯ ಮೇಲೆ, ಆಮೇಲೆ ಬಲಮೂಲೆಯ ಮೇಲೆ ಎಳೆದು ನೋಡುತ್ತೇನೆ. ಎರಡು ಕಡೆಯೂ ಒಂದೇ ದಪ್ಪದ ಸಿಪ್ಪೆ ಬರುವವರೆಗೆ ಸನ್ನೆಯನ್ನು ಚೂರುಚೂರೇ ಸರಿಸುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಜೋಡಿಪಟ್ಟಿ. ಅಲಗಿಗೆ ಅಂಟಿಕೊಂಡು ಕೂರುವ ಈ ಪಟ್ಟಿಯ ತುದಿ ಅಲಗಿನ ಬಾಯಿಗಿಂತ ಒಂದೂವರೆ ಮಿಲಿಮೀಟರ್ ಹಿಂದಿದ್ದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಅರ್ಧ ಮಿಲಿಮೀಟರಿಗಿಂತ ಹತ್ತಿರ ತಂದರೆ ಹತ್ತರಿಯ ಗುಣವೇ ಬದಲಾಗುತ್ತದೆ. ಮೊನ್ನೆ ಒಂದು ಮೇಪಲ್ ಹಲಗೆಯಲ್ಲಿ ಗಂಟಿನ ಪಕ್ಕ ನಾರು ತಿರುವು ಹೊಡೆದಿತ್ತು. ತಳ್ಳಿದಾಗಲೆಲ್ಲ ಅಲ್ಲಿ ಮರ ಕಿತ್ತು ಬರುತ್ತಿತ್ತು. ಜೋಡಿಪಟ್ಟಿಯನ್ನು ಕಣ್ಣಿಗೆ ಬರೀ ಬೆಳ್ಳಿ ಗೆರೆ ಕಾಣುವಷ್ಟು ಮುಂದಕ್ಕೆ ತಂದೆ. ಈಗ ಸಿಪ್ಪೆ ಹೊರಡುತ್ತಿದ್ದಂತೆಯೇ ಪಟ್ಟಿಗೆ ಬಡಿದು ಬಾಗುತ್ತದೆ, ಮುಂದಿನ ನಾರನ್ನು ಎಬ್ಬಿಸಲು ಅದಕ್ಕೆ ಬಲ ಸಿಗುವುದಿಲ್ಲ. ಗಂಟಿನ ಮೇಲೆ ಹಾದುಹೋದಾಗ ಸದ್ದು ಮಾತ್ರ ಸ್ವಲ್ಪ ಬದಲಾಯಿತು. ಸಿಪ್ಪೆ ಸುರುಳಿಯಾಗದೆ ನೇರವಾಗಿ ಮೇಲೆದ್ದು ಬಂತು. ಗಂಟಿದ್ದ ಜಾಗವನ್ನು ಬೆರಳಿಂದ ಸವರಿದೆ, ನುಣುಪಾಗಿತ್ತು.